ಓಬಣ್ಣನ ಕಣ್ಣು ನಿಂತ ಜಾಗ

ಓಬಣ್ಣ ಕಾವಲಿನಲ್ಲಿ ನಿದ್ದೆ ಮಾಡುತ್ತಾನೆ ಎಂದು ಬರೆದವನು ನಾನೇ. ಬರೆದು ಸುಮ್ಮನಿದ್ದಿದ್ದರೂ ಆಗುತ್ತಿತ್ತು. ಮರುದಿನ ಬೆಳಿಗ್ಗೆ ಐದೂ ಜನ ಕಾವಲುಗಾರರನ್ನು ಜೀಪಿನ ಮುಂದೆ ನಿಲ್ಲಿಸಿಕೊಂಡು ಅದನ್ನು ಗಟ್ಟಿಯಾಗಿ ಓದಿದೆ. ನನ್ನ ಬಾಯಿ ಮೊದಲಿನಿಂದಲೂ ಜೋರು. ಕೊಟ್ಟೂರಿನಲ್ಲಿ ನಮ್ಮಪ್ಪ ಪಂಚಾಕ್ಷರಪ್ಪನವರದು ಕನ್ನಡಕದ ಅಂಗಡಿ. ಗಿರಾಕಿ ಗೋಡೆಯ ಮೇಲಿನ ಅಕ್ಷರ ಓದಲು ತಡವರಿಸಿದರೆ ಅಪ್ಪ ತಾಳ್ಮೆಯಿಂದ ಕಾಯುತ್ತಿದ್ದರು, ನಾನು ಪಕ್ಕದಲ್ಲಿ ನಿಂತು "ಕಾಣ್ತೈತೋ ಇಲ್ಲೋ, ಬಾಯ್ಬಿಟ್ಟು ಹೇಳ್ರಿ" ಎಂದು ಗದರುತ್ತಿದ್ದೆ. "ಲೇ ಹಂಪೇಶ, ನೀ ಇದ್ರ ಅಂಗಡಿಗೆ ನೊಣಾನೂ ಬರಂಗಿಲ್ಲ" ಎಂದು ಅಪ್ಪ ನನ್ನನ್ನು ಡಿಪ್ಲೊಮಾ ಓದಲು ಕಳಿಸಿದರು. ಹಾಗೆ ಓದಿ, ಕತ್ತಲಲ್ಲಿ ನೋಡುವ ಯಂತ್ರಗಳನ್ನು ಪರೀಕ್ಷೆ ಮಾಡುವ ಒಂದು ತಂಡದಲ್ಲಿ ಕೆಲಸಕ್ಕೆ ಸೇರಿದವನು ನಾನು.

ನಮ್ಮ ಯಂತ್ರದ ವಿಷಯ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ನೈಟ್ ವಿಷನ್ ಕನ್ನಡಕ ಎಂದರೆ ಎಲ್ಲರಿಗೂ ಗೊತ್ತು. ತಲೆಗೆ ಕಟ್ಟಿಕೊಂಡರೆ ಕತ್ತಲೆಯೆಲ್ಲ ಹಸಿರಾಗಿ ಕಾಣುತ್ತದೆ. ನಾವು ಅದರ ಒಳಗಡೆ, ಕಣ್ಣಿಗೆ ಎದುರಾಗಿ, ಇನ್ನೊಂದು ಪುಟ್ಟ ಕ್ಯಾಮೆರಾ ಕೂರಿಸಿದ್ದೆವು. ಅದು ಇನ್‌ಫ್ರಾರೆಡ್ ಬೆಳಕನ್ನು ಕಣ್ಣಿನ ಮೇಲೆ ಚೆಲ್ಲಿ, ಕಣ್ಣಿನ ನಡುವಿನ ಕಪ್ಪು ಪಾಪೆ ಯಾವ ಕಡೆ ತಿರುಗಿದೆ ಎಂದು ಹಿಂಬಾಲಿಸುತ್ತದೆ. ಆ ಬೆಳಕು ನಮ್ಮ ಕಣ್ಣಿಗೆ ಕಾಣುವುದಿಲ್ಲ. ನೈಟ್ ವಿಷನ್‌ಗೂ ಕಾಣಬಾರದು, ಕಂಡರೆ ಇಡೀ ನೋಟ ಮಂಜಾಗುತ್ತದೆ. ಇವೆರಡೂ ಒಂದೇ ಕನ್ನಡಕದೊಳಗೆ ಜಗಳವಾಡದೆ ಇರುವ ಹಾಗೆ ಮಾಡುವುದರಲ್ಲೇ ನಮ್ಮ ಮೂರು ವರ್ಷ ಹೋಗಿತ್ತು. ಕಾವಲುಗಾರ ಬಂಡೆಯ ಮೇಲೆ ಕುಳಿತು ಏನು ನೋಡುತ್ತಾನೋ ಅದು ಕೆಳಗೆ ಜೀಪಿನಲ್ಲಿ ನನ್ನ ಲ್ಯಾಪ್‌ಟಾಪಿಗೆ ಬರುತ್ತದೆ. ಅವನ ಕಣ್ಣು ಎಲ್ಲಿ ನಿಂತಿದೆಯೋ ಅಲ್ಲಿ ಒಂದು ಕೆಂಪು ಚುಕ್ಕೆ ಕಾಣುತ್ತದೆ.

ಪರೀಕ್ಷೆಗೆ ಆರಿಸಿದ್ದು ಕೂಡ್ಲಿಗಿಯಿಂದ ಹನ್ನೆರಡು ಮೈಲಿ ದೂರದ ಗವಿಹಟ್ಟಿಯನ್ನು. ಊರಿನ ಬೆನ್ನಿಗೆ ಬಂಡೆಗುಡ್ಡ, ಗುಡ್ಡದ ತುಂಬ ಗವಿ, ಗವಿಯಲ್ಲಿ ಕರಡಿ. ಸೀತಾಫಲ ಹಣ್ಣಾಗುವ ತಿಂಗಳಲ್ಲಿ ಕರಡಿಗೂ ಅದೇ ಬೇಕು, ಜನಕ್ಕೂ ಅದೇ ಬೇಕು. ಬೆಳಗಿನ ಜಾವಕ್ಕೇ ಹೆಂಗಸರು ಬುಟ್ಟಿ ಹಿಡಿದು ಹಳ್ಳದ ದಾರಿಯಲ್ಲಿ ಹೋಗುತ್ತಾರೆ, ಅದೇ ಹೊತ್ತಿಗೆ ಕರಡಿ ಮೇಯ್ದು ಮರಳುತ್ತದೆ. ಊರಿಗೆ ಐದು ಜನ ಕಾವಲುಗಾರರಿದ್ದರು. ಅವರಲ್ಲಿ ಮೂವರಿಗೆ ಹೊಸ ಯಂತ್ರ ಕೊಟ್ಟು ಕಾವಲಿನಲ್ಲಿ ಉಳಿಸಿಕೊಳ್ಳುವುದು, ಉಳಿದಿಬ್ಬರನ್ನು ಹಗಲು ಸಸಿ ಬೆಳೆಸುವ ಕೆಲಸಕ್ಕೆ ಹಾಕುವುದು ಎಂದು ತೀರ್ಮಾನವಾಗಿತ್ತು. ಅಂಕ ಕೊಡುವ ಬಗೆ ಸರಳ: ಕರಡಿ ಕಣ್ಣಳತೆಯಲ್ಲಿ ಇದ್ದಷ್ಟು ಹೊತ್ತು ಅದರ ಮೇಲೆ ಕಣ್ಣು ಎಷ್ಟು ಹೊತ್ತು ನಿಂತಿತ್ತು ಎಂಬುದು. ನೂರಕ್ಕೆ ಐವತ್ತು ಬಂದರೆ ಪಾಸು.

ಮೊದಲ ಸರದಿಯಲ್ಲಿ ಮೈಲಪ್ಪನೆಂಬ ಇಪ್ಪತ್ತೈದರ ಕಟ್ಟುಮಸ್ತು ಹುಡುಗನಿಗೆ ಎಂಬತ್ತೆರಡು ಬಂತು. ಐವತ್ತನಾಲ್ಕು ವರ್ಷದ ಓಬಣ್ಣನ ಹೆಸರಿನ ಮುಂದೆ ಅಂಕವೇ ಇಲ್ಲ. ನೂರಕ್ಕೆ ಅರವತ್ತೊಂದು ಪಾಲು ಹೊತ್ತು ಕಣ್ಣು ಮುಚ್ಚಿತ್ತು, ಉಳಿದ ಹೊತ್ತು ನೆಲ ನೋಡುತ್ತಿತ್ತು ಎಂದು ಯಂತ್ರ ತೋರಿಸಿತು. ಇನ್ನೇನು ಬೇಕು, ನಿದ್ದೆ ಎಂದು ಬರೆದೆ. ಆ ರಾತ್ರಿ ಅವನು ಮೂರು ಸಲ ಸೀಟಿ ಊದಿ ದಾರಿಯಲ್ಲಿ ಬರುವವರನ್ನು ನಿಲ್ಲಿಸಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೆ. "ಕನಸಿನಾಗ ಊದಿದ್ರೇನೋ" ಎಂದು ಎಲ್ಲರ ಮುಂದೆ ತಮಾಷೆಯನ್ನೂ ಮಾಡಿದೆ. ಹುಡುಗರು ನಕ್ಕರು.

"ಮಲಗಿಲ್ರಿ ಸರ" ಎಂದ ಓಬಣ್ಣ.

ನಾನು ಲ್ಯಾಪ್‌ಟಾಪನ್ನು ಅವನ ಕಡೆ ತಿರುಗಿಸಿ ಗೆರೆಗಳನ್ನು ತೋರಿಸಿದೆ. ಈ ಗೆರೆ ಮೇಲಿದ್ದರೆ ಕಣ್ಣು ತೆರೆದಿದೆ, ಕೆಳಗಿದ್ದರೆ ಮುಚ್ಚಿದೆ ಎಂದು ವಿವರಿಸಿದೆ. ಅವನು ಬಹಳ ಹೊತ್ತು ಅದನ್ನೇ ನೋಡಿದ. ತೆಳ್ಳನೆಯ ಆಳು, ಮೊಣಕಾಲಿನವರೆಗೆ ಮಡಚಿದ ಪ್ಯಾಂಟು, ಹೆಗಲ ಮೇಲೆ ಟವೆಲ್ಲು. ಮುಖದಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ.

"ಮಿಷನ್ನಿಗೆ ನನ್ ಮ್ಯಾಲೆ ಏನು ಸಿಟ್ಟೈತಿ, ಸುಳ್ಳು ಹೇಳಾಕ" ಎಂದ. "ನನಗ ಗೊತ್ತಿಲ್ದಂಗ ಕಣ್ಣು ಮುಚ್ಕಂತಾವೇನೋ."

ಅವನು ವ್ಯಂಗ್ಯವಾಗಿ ಹೇಳುತ್ತಿದ್ದಾನೆ ಎಂದುಕೊಂಡೆ. ಹಾಗಿರಲಿಲ್ಲ, ನಿಜಕ್ಕೂ ನಂಬಿಬಿಟ್ಟಿದ್ದ.

ಎರಡನೆಯ ರಾತ್ರಿ ಓಬಣ್ಣ ಕುಳಿತುಕೊಳ್ಳಲೇ ಇಲ್ಲ. ಸಂಜೆ ಏಳರಿಂದ ಹತ್ತರವರೆಗೆ, ಮತ್ತೆ ಬೆಳಗಿನ ಜಾವ ನಾಲ್ಕರಿಂದ ಬೆಳಕು ಹರಿಯುವ ತನಕ, ಬಂಡೆಯ ಮೇಲೆ ನಿಂತೇ ಇದ್ದ. ನಿದ್ದೆ ಬರಬಾರದೆಂದು ಹಸಿಮೆಣಸಿನಕಾಯಿ ಕಚ್ಚುತ್ತಿದ್ದನಂತೆ. ಬೆಳಿಗ್ಗೆ ಇಳಿದು ಬಂದಾಗ ತುಟಿ ಊದಿತ್ತು. ಯಂತ್ರ ಐವತ್ತೆಂಟು ಪಾಲು ಕಣ್ಣು ಮುಚ್ಚಿತ್ತು ಎಂದಿತು. ಕನ್ನಡಕ ವಾಪಸು ಪಡೆದಾಗ ಕಣ್ಣಿಗೆ ಒತ್ತುವ ರಬ್ಬರಿನ ಅಂಚು ಮೊದಲ ದಿನದ ಹಾಗೆಯೇ ಕಪ್ಪಾಗಿತ್ತು. ಕೈ ತೊಳೆದುಕೊಂಡು ಯಂತ್ರ ಮುಟ್ಟಬೇಕೆಂಬ ಬುದ್ಧಿ ಇಲ್ಲವಾ ಎಂದು ಅದಕ್ಕೂ ಬೈದೆ.

ಅವನು ಕೊರಳಿನಿಂದ ಸೀಟಿಯನ್ನು ತೆಗೆದು ಜೀಪಿನ ಬಾನೆಟ್ ಮೇಲಿಟ್ಟ.

"ನಿದ್ದಿ ಮಾಡೋನು ಕಾವಲಿಗೆ ಬ್ಯಾಡ್ರಿ ಸರ. ಮಂದಿ ನನ್ನ ನಂಬ್ಕಂಡು ದಾರ್ಯಾಗ ಬರ್ತಾರ." ಸ್ವಲ್ಪ ದೂರ ಹೋದವನು ತಿರುಗಿ ನಿಂತ. "ಇಪ್ಪತ್ತೇಳು ವರ್ಷಾನೂ ಹಿಂಗ ಮಲಗಿದ್ನೇನ್ರಿ ನಾನು?"

ಉತ್ತರ ನನಗೇನು ಗೊತ್ತು? ಆದರೂ "ಯಂತ್ರ ಹೇಳಿದ ಮ್ಯಾಲೆ ಮುಗೀತಲ್ಲ" ಎಂದೆ. ಈ ಮಾತು ನೆನಪಾದರೆ ಈಗಲೂ ನನ್ನ ಮುಖಕ್ಕೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಕಾವಲು ಬಿಡುವವನು ಒಂದು ಕಾಗದಕ್ಕೆ ಸಹಿ ಹಾಕಬೇಕು. ಅದನ್ನು ಹಾಕಿಸಿಕೊಳ್ಳಲು ಆ ಮಧ್ಯಾಹ್ನ ಅವನ ಮನೆಗೆ ಹೋದೆ. ಊರ ಕೊನೆಯ ಸಾಲಿನಲ್ಲಿ ಎರಡು ಕೋಣೆಯ ಮನೆ. ಗೋಡೆಯ ಮೇಲೆ ಬುದ್ಧನ ಪಟ, ಅಂಬೇಡ್ಕರರ ಪಟ, ನರ್ಸಿನ ಬಿಳಿ ಉಡುಪಿನಲ್ಲಿ ನಿಂತ ಮಗಳು ರಮಾಳ ಫೋಟೊ. ಅವಳು ಹಗರಿಬೊಮ್ಮನಹಳ್ಳಿಯ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಾಳೆ. ಓಬಣ್ಣ ಒಳಗೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಹೊರಗೆ ಕಟ್ಟೆಯ ಮೇಲೆ ಅವನ ಹೆಂಡತಿ ಗಾಳೆಮ್ಮ ಕುಳಿತಿದ್ದಳು. ಅವಳಿಗೆ ಎಡಗಣ್ಣು ಇಲ್ಲ. ಹಣೆಯಿಂದ ಇಳಿದ ಹಳೆಯ ಗಾಯದ ಗುರುತು ಕೆನ್ನೆಯನ್ನು ಒಂದು ಕಡೆಗೆ ಜಗ್ಗಿ ಹಿಡಿದಿದೆ. ಸೆರಗಿನಿಂದ ಅದನ್ನು ಮುಚ್ಚಿಕೊಳ್ಳುವ ಗೋಜಿಗೆ ಅವಳು ಹೋಗುವುದಿಲ್ಲ.

"ನೀನೇನಪ್ಪ, ನನ್ ಗಂಡ ನಿದ್ದಿ ಮಾಡ್ತಾನ ಅಂದೋನು?"

"ನಾನಲ್ಲಕ್ಕ, ಯಂತ್ರ..."

"ಯಂತ್ರದ ಜೋಡಿ ನಾ ಸಂಸಾರ ಮಾಡಿಲ್ಲ. ಇವ್ನ ಜೋಡಿ ಮಾಡೀನಿ" ಎಂದಳು ಗಾಳೆಮ್ಮ. "ಈ ಮುಖ ನೋಡು. ರಮಾ ಆಗ ವರ್ಷದ ಕೂಸು. ಸೀತಾಫಲಕ್ಕಂತ ನಸುಕಿನಾಗ ಹೋಗಿದ್ದೆ, ಹಳ್ಳದಾಗ ಕರಡಿ ಬಿತ್ತು ಮ್ಯಾಲೆ. ಇವ್ನು ಆವಾಗ ಶೇಂಗಾ ಹೊಲ ಕಾಯ್ತಿದ್ದ. ಬರೀ ಕುಡಗೋಲು ಹಿಡ್ಕಂಡು ಓಡಿ ಬಂದು ಬಿಡಿಸ್ಕಂಡ. ಕೂಡ್ಲಿಗಿ ಕಡಿ ಹೆಗಲ ಮ್ಯಾಲೆ ಹೊತ್ಕಂಡು ಹೊಂಟ, ಅರ್ಧ ದಾರ್ಯಾಗ ಟ್ರ್ಯಾಕ್ಟರ್ ಸಿಕ್ತಂತ. ಅವತ್ತಿನಿಂದ ಒಂದ್ ರಾತ್ರಿ ಮನ್ಯಾಗ ಮಲಗಿಲ್ಲ. ಹೊಲ ಕಾಯ್ದ, ಆಮ್ಯಾಲೆ ಊರು ಕಾಯ್ದ. ಮೊದ್ಲು ಯಾರೂ ಕೂಲಿನೂ ಕೊಡ್ತಿದ್ದಿಲ್ಲ, ಸುಮ್ಕ ಕಾಯ್ದ. ರಮಾ ಅಂತಾಳ, ಅಪ್ಪಾ ನನ್ ಪಗಾರ ಐತಿ, ಮನ್ಯಾಗ ಕುಂದ್ರು ಅಂತ. ಕುಂದ್ರಾಕ ಆಗಂಗಿಲ್ಲ ಅವ್ನಿಗೆ. ಊರಾಗ ಯಾರನ್ನ ಕೇಳು. ಓಬಣ್ಣ ಬಂಡೆ ಮ್ಯಾಲೆ ಕುಂತ್ರ ನಾವು ಹಳ್ಳದಾಗ ಹಾಡ್ಕೋಂತ ಹೋಗ್ತೀವಿ ಅಂತಾರ."

ನಾನು ಕಾಗದವನ್ನು ಮಡಚಿ ಜೇಬಿಗೆ ತುರುಕಿಕೊಂಡೆ. ಮಾತಾಡುತ್ತಲೇ ಅವಳ ಕೈ ಕೆಲಸ ಮಾಡುತ್ತಿತ್ತು. ಮುಂದೆ ಹರಳೆಣ್ಣೆಯ ದೀಪ ಹಚ್ಚಿ, ಅದರ ಮೇಲೆ ಮೂರು ಕಲ್ಲಿಟ್ಟು ಹಿತ್ತಾಳೆ ತಟ್ಟೆ ಬೋರಲು ಹಾಕಿದ್ದಳು. ತಟ್ಟೆ ಎತ್ತಿ, ಒಳಗೆ ಹತ್ತಿದ ಮಸಿಯನ್ನು ಕೆರೆದು, ಎರಡು ಹನಿ ಎಣ್ಣೆಯಲ್ಲಿ ಅರೆದಳು. ಕಾಡಿಗೆ. ಸಣ್ಣವನಿದ್ದಾಗ ನಮ್ಮವ್ವನೂ ಹಾಗೇ ಮಾಡುತ್ತಿದ್ದಳು. ಗಾಳೆಮ್ಮ ಬೆರಳಿಗೆ ಅದನ್ನು ಹತ್ತಿಸಿಕೊಂಡು ಒಳಗೆ ಕರೆದಳು.

"ಬಾ ಇಲ್ಲಿ, ಹೊತ್ತಾತು."

"ಇವತ್ತು ಹೋಗಂಗಿಲ್ಲಲೇ ಗಾಳಿ. ಬ್ಯಾಡ ಬಿಡು" ಎಂದ ಓಬಣ್ಣ ಒಳಗಿನಿಂದ.

"ಕಾವಲು ಬಿಟ್ರ ಕಣ್ಣೇನು ಬಿಟ್ಟುಹೋಗ್ಯಾವೇನು? ಬಾ."

ಅವನು ಹೊರಗೆ ಬಂದ. ನನ್ನನ್ನು ಕಂಡು ಹೊಸ ಮದುಮಗನಷ್ಟು ನಾಚಿದ. ಅವಳು ಬಿಡಲಿಲ್ಲ. ಗದ್ದ ಹಿಡಿದು, ರೆಪ್ಪೆ ಕೆಳಗೆ ಜಗ್ಗಿ, ಎರಡೂ ಕಣ್ಣಿಗೆ ಕಾಡಿಗೆ ತೀಡಿದಳು. "ರಾತ್ರಿಯೆಲ್ಲ ಕಣ್ಣು ಬಿಟ್ಕಂಡು ಕುಂದ್ರೋನಿಗೆ ಕಣ್ಣು ಉರೀತಾವು. ಇದು ತಂಪು" ಎಂದು ನನಗೆ ವಿವರಿಸಿದಳು. ಓಬಣ್ಣ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡ. "ದಿನಾ ಹಚ್ತಾಳ್ರಿ. ಹುಡುಗ್ರು ನಗ್ತಾರಂತ ನಾನು ಒರೆಸ್ಕಂಡು ಬರ್ತೀನಿ" ಎಂದ. ಮೇಲಿನದೆಲ್ಲ ಹೋಯಿತು, ರೆಪ್ಪೆಯ ಬುಡದಲ್ಲಿ ಒಂದು ದಪ್ಪ ಗೆರೆ ಉಳಿಯಿತು.

ರಬ್ಬರಿನ ಅಂಚು ಯಾಕೆ ಕಪ್ಪಾಗುತ್ತಿತ್ತು ಎಂಬುದು ನನಗೆ ಆಗ ಹೊಳೆಯಿತು. ಚಪ್ಪಲಿ ಹಾಕಿಕೊಳ್ಳದೆ ಜೀಪಿಗೆ ಓಡಿದೆ. ಯಂತ್ರ ತೆಗೆದ ಕಣ್ಣಿನ ಚಿತ್ರಗಳು ಹಾಗೇ ಲ್ಯಾಪ್‌ಟಾಪಿನಲ್ಲಿದ್ದವು, ಎರಡು ದಿನದಿಂದ ನಾನು ತೆರೆದೂ ನೋಡಿರಲಿಲ್ಲ. ಗೆರೆ ನೋಡಿದ್ದೆ, ಅಂಕಿ ನೋಡಿದ್ದೆ, ಕಣ್ಣು ನೋಡಿರಲಿಲ್ಲ. ಚಿತ್ರದಲ್ಲಿ ಓಬಣ್ಣನ ಕಣ್ಣು ಅಗಲವಾಗಿ ತೆರೆದಿತ್ತು. ನಡುವೆ ಪಾಪೆ, ಕೆಳರೆಪ್ಪೆಯ ಅಂಚಿನಲ್ಲಿ ಬೆವರಿಗೆ ಕರಗಿ ಮೂಲೆಯಲ್ಲಿ ಗುಡ್ಡೆಯಾದ ಕಾಡಿಗೆ. ಅಂಗಡಿಯ ಕೆಲವು ಬಣ್ಣಗಳು ಇನ್‌ಫ್ರಾರೆಡ್ ಬೆಳಕಿನಲ್ಲಿ ತಿಳಿಯಾಗುತ್ತವೆ, ದೀಪದ ಮಸಿ ಮಾತ್ರ ಅಲ್ಲೂ ಕಪ್ಪೇ. ಎರಡು ಕಪ್ಪಿನಲ್ಲಿ ದೊಡ್ಡದನ್ನು ಯಂತ್ರ ಪಾಪೆ ಎಂದುಕೊಂಡಿತ್ತು. ಅದು ರೆಪ್ಪೆಯ ಹತ್ತಿರವೇ ಕದಲದೆ ಇದ್ದುದರಿಂದ ಒಮ್ಮೆ ಕಣ್ಣು ಮುಚ್ಚಿದೆ ಎಂದಿತ್ತು, ಒಮ್ಮೆ ನೆಲ ನೋಡುತ್ತಿದೆ ಎಂದಿತ್ತು.

ವಾಪಸು ಬಂದು ಎಲ್ಲ ಹೇಳಿದೆ. ತಪ್ಪಾಯಿತು ಎಂದೆ. ಆ ಮಾತು ನನ್ನ ಬಾಯಿಂದ ಸುಲಭಕ್ಕೆ ಬರುವುದಲ್ಲ.

ಓಬಣ್ಣ ಕಟ್ಟೆಯ ಮೇಲೆ ಕುಳಿತುಬಿಟ್ಟ. "ಹಂಗಾದ್ರ ನಾ ಮಲಗಿಲ್ಲ?"

"ಇಲ್ಲ."

"ಒಂದ್ ಸಲಾನೂ?"

"ಒಂದ್ ಸಲಾನೂ ಇಲ್ಲ."

ಅವನು ಟವೆಲ್ಲನ್ನು ಮುಖಕ್ಕೆ ಒತ್ತಿಕೊಂಡ. ಗಾಳೆಮ್ಮ ಮಾತ್ರ ಕಾಡಿಗೆಯ ಬೆರಳನ್ನು ನೋಡಿಕೊಳ್ಳುತ್ತಾ, "ಹಂಗಾದ್ರ ಇದು ನಂದಾ ತಪ್ಪು" ಎಂದು ಗೊಣಗಿದಳು. ಅಲ್ಲಕ್ಕ ಎಂದು ನಾಲ್ಕು ಸಲ ಹೇಳಿದರೂ ಅವಳಿಗೆ ಸಮಾಧಾನವಾಗಲಿಲ್ಲ.

ನಮ್ಮ ತಂಡದ ಮುಖ್ಯಸ್ಥೆ ಸುಮಲತಾ ಮೇಡಂಗೆ ಫೋನ್ ಮಾಡಿದೆ. ಹರಪನಹಳ್ಳಿಯವರು, ಲೆಕ್ಕಕ್ಕೆ ಬಿಗಿ, ನ್ಯಾಯಕ್ಕೂ ಬಿಗಿ. ಹಿಂದಿನ ಎರಡೂ ಅಂಕ ಅಳಿಸಿ, ಹೊಸದಾಗಿ ಪರೀಕ್ಷೆ ಮಾಡಿ ಎಂದರು. ಅವತ್ತು ಓಬಣ್ಣ ಎಣ್ಣೆ ಹಚ್ಚಿ, ಸೋಪು ಹಚ್ಚಿ, ಕಣ್ಣು ಕೆಂಪಾಗುವ ತನಕ ತೊಳೆದುಕೊಂಡು, ಸೀಟಿಯನ್ನು ಮತ್ತೆ ಕೊರಳಿಗೆ ಹಾಕಿಕೊಂಡು ಬಂಡೆ ಹತ್ತಿದ. ಕೆಂಪು ಚುಕ್ಕೆ ನನ್ನ ಪರದೆಯ ಮೇಲೆ ಸ್ಪಷ್ಟವಾಗಿ ಮೂಡಿತು. ನಾನು ಒಬ್ಬನೇ ಜೀಪಿನಲ್ಲಿ ಚಪ್ಪಾಳೆ ತಟ್ಟಿದೆ.

ಕರಡಿ ಏಳೂವರೆಗೆ ಎದುರು ಗುಡ್ಡದ ಬಂಡೆಯ ಸಂದಿನಿಂದ ಹೊರಬಿತ್ತು. ಓಬಣ್ಣನ ಕಣ್ಣು ನಾಲ್ಕೇ ಸೆಕೆಂಡಿನಲ್ಲಿ ಅದನ್ನು ಹಿಡಿಯಿತು. ಮೈಲಪ್ಪನಿಗೆ ಹದಿನೇಳು ಸೆಕೆಂಡು ಬೇಕಾಗಿತ್ತು. ಭಲೇ ಎಂದುಕೊಳ್ಳುವಷ್ಟರಲ್ಲಿ ಚುಕ್ಕೆ ಕರಡಿಯನ್ನು ಬಿಟ್ಟು ಹೊರಟುಹೋಯಿತು. ಇಳಿಜಾರು ಇಳಿದು, ಹಳ್ಳ ದಾಟಿ, ಊರಿನ ಕೊನೆಯ ಸಾಲಿನಿಂದ ಬರುವ ಕಾಲುದಾರಿಗೆ ಹೋಗಿ ನಿಂತಿತು. ದಾರಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ಹೋಯಿತು, ಮತ್ತೆ ಬಂತು. ಕರಡಿ ಹುತ್ತ ಬಗೆದು ಗೆದ್ದಲು ಹೀರುವ ಸದ್ದು ಕೆಳಗೆ ನನಗೂ ಕೇಳುತ್ತಿತ್ತು. ಚುಕ್ಕೆ ಮಾತ್ರ ಅತ್ತ ಬರುವುದು ಅಪರೂಪ. ಬಂದರೂ ಇದೆಯೋ ಇಲ್ಲವೋ ಎಂದು ಒಂದು ಗಳಿಗೆ ನೋಡಿ, ಮತ್ತೆ ದಾರಿಗೆ. ಎಂಟು ಗಂಟೆಗೆ ದಾರಿಯಲ್ಲಿ ಯಾರೋ ಮುದುಕ ಎಮ್ಮೆ ಹುಡುಕಿಕೊಂಡು ಬಂದ. ಸೀಟಿ ಕೇಳಿ ನಿಂತ, ಹಿಂದಕ್ಕೆ ಹೋದ. ಅವತ್ತಿನ ಅಂಕ ನೂರಕ್ಕೆ ಒಂಬತ್ತು.

ಯಂತ್ರ ಈಗ ಸರಿಯಾಗಿತ್ತು. ಓಬಣ್ಣ ಮತ್ತೆ ಫೇಲಾಗಿದ್ದ.

ಬೆಳಿಗ್ಗೆ ಸುಮಲತಾ ಮೇಡಂ ತಾವೇ ಬಂದರು. ಬಂಡೆಯ ಬುಡದಲ್ಲಿ ಕಾವಲುಗಾರರು ಕೂರುವ ತಗಡಿನ ಶೆಡ್ಡಿನಲ್ಲಿ ಲ್ಯಾಪ್‌ಟಾಪ್ ಇಟ್ಟು ಓಬಣ್ಣನಿಗೆ ಅವನ ಕಣ್ಣು ನಡೆದ ದಾರಿಯನ್ನು ತೋರಿಸಿದೆವು. ಗಾಳೆಮ್ಮನೂ ಬಂದಿದ್ದಳು. ಕಾಡಿಗೆಯ ತಪ್ಪು ಪೂರ್ತಿ ಹೋಯಿತೋ ಇಲ್ಲವೋ ಎಂದು ತಾನೇ ನೋಡಬೇಕಾಗಿತ್ತು ಅವಳಿಗೆ.

"ಎಲ್ಲರಿಗಿಂತ ಮೊದಲು ಕರಡಿ ಕಂಡಿದ್ದು ನಿಮಗೇ ಓಬಣ್ಣ. ಕಂಡ ಮೇಲೆ ಯಾಕ್ ನೋಡಲ್ಲ ಅದನ್ನ?" ಎಂದು ಕೇಳಿದರು ಮೇಡಂ.

"ಕರಡಿಗೆ ಕಾವಲು ಯಾಕ್ ಬೇಕ್ರಿ ಮೇಡಂ? ಮಂದಿಗೆ ಬೇಕು. ಅದು ಐತಿ ಅಂತ ಗೊತ್ತಾದ್ರ ಸಾಕಲ್ರಿ. ಆಮ್ಯಾಲೆ ಯಾರು ಬರ್ತಾರ ಅಂತ ನೋಡ್ಬೇಕು."

ಅವನು ಹೇಳಿದ್ದು ಸರಿ ಎಂದು ಸುಮಲತಾ ಮೇಡಂಗೂ ಅನ್ನಿಸಿತು, ನನಗೂ ಅನ್ನಿಸಿತು. ನಾಲ್ಕು ಜನ ಓದಿದವರು ಕೂತು ಅಂಕದ ಬಗೆ ಮಾಡುವಾಗ ಒಬ್ಬರ ತಲೆಗೂ ಹೊಳೆಯದೆ ಹೋಗಿತ್ತು. "ನಿಮ್ಮ ಮಾತು ವರದೀಲಿ ಬರೀತೀನಿ. ಆದ್ರೆ ಈ ಸಲದ ಅಂಕ ಬದಲಾಯಿಸೋಕೆ ನನ್ ಕೈಲಿ ಆಗಲ್ಲ" ಎಂದರು. "ಇವತ್ತು ಸಂಜೆ ಇನ್ನೊಂದು ಸರದಿ ಕೊಡ್ತೀನಿ. ಅದೇ ಕೊನೆ. ಒಂದು ತಾಸು ಬರೀ ಕರಡಿ ನೋಡಿ. ನಿಮ್ ಕಾವಲು ನಿಮಗೇ ಉಳಿಯುತ್ತೆ."

"ಆಗಂಗಿಲ್ರಿ" ಎಂದ ಓಬಣ್ಣ.

ನನಗೆ ರೇಗಿತು. ಇಷ್ಟೆಲ್ಲ ಮಾಡಿ ಅವನನ್ನು ಉಳಿಸಲು ನಾವು ನಿಂತಿದ್ದರೆ ಇವನು ಬೇಡ ಅನ್ನುತ್ತಾನಲ್ಲ! "ಬಂಡೆ ಹೊರು ಅಂದಿಲ್ಲ, ಗುಡ್ಡ ಅಗಿ ಅಂದಿಲ್ಲ. ಬರೀ ನೋಡೋದು! ಯಾಕಾಗಂಗಿಲ್ಲ?"

ಓಬಣ್ಣ ಪರದೆಯ ಮೇಲೆ ನಿಂತ ಚುಕ್ಕೆಯನ್ನು ನೋಡುತ್ತಿದ್ದ. ಹೆಂಡತಿಯ ಕಡೆ ತಿರುಗಲಿಲ್ಲ.

"ಒಂದ್ ಸಲ ನೋಡೀನ್ರಿ" ಎಂದ. "ಅವತ್ತು ನಸುಕಿನಾಗ ಶೇಂಗಾ ಹೊಲ ಕಾಯ್ಕೋಂತ ನಾನು ಇದೇ ಬಂಡೆ ಮ್ಯಾಲೆ ಇದ್ದೆ. ಬೆಳದಿಂಗಳಿತ್ತು. ಎದುರಿಗೆ ತಾಯಿಕರಡಿ ಬಂತು, ಬೆನ್ನ ಮ್ಯಾಲೆ ಮರಿ ಕುಂದ್ರಿಸ್ಕಂಡು. ನಾ ಅಂಥದ್ದು ನೋಡಿದ್ದಿಲ್ಲ. ಒಂದು ಮರಿ ಜಾರಿ ಬಿತ್ತು, ಅವ್ವನ ಕೂದ್ಲ ಹಿಡ್ಕಂಡು ಮತ್ತ ಹತ್ತಿತು. ಮತ್ತ ಜಾರಿತು. ನಗು ಬಂತ್ರಿ ನನಗ. ಮಂದಿ ಹಳ್ಳಕ್ಕ ಹೋಗೋ ಹೊತ್ತು ಅಂತ ಗೊತ್ತಿತ್ತು. ಒಂದ್ ಕೂಗು ಹಾಕಿದ್ರ ಆಗ್ತಿತ್ತು. ಹಾಕಲಿಲ್ಲ, ಕೂಗಿದ್ರ ಅದು ಓಡಿಹೋಗ್ತೈತಿ ಅಂತ. ದಾರಿ ಕಡಿ ತಿರುಗೂ ನೋಡ್ಲಿಲ್ಲ. ನಾ ನಗ್ತಿದ್ದೆ. ಆವಾಗ ಇಕಿ ಚೀರಿದ್ಲು."

ಅವನು ಕೊರಳಿನ ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡ.

"ಊರ ಮಂದಿ ಓಬಣ್ಣ ಹೆಂಡ್ತಿ ಉಳಿಸ್ದ ಅಂತಾರ. ಇಕೀನೂ ಹಂಗ ಅಂತಾಳ. ನಾ ಬಾಯಿ ಬಿಟ್ಟಿಲ್ಲ."

ಗಾಳೆಮ್ಮ ಶೆಡ್ಡಿನ ಕಂಬಕ್ಕೆ ಒರಗಿ ನಿಂತಿದ್ದಳು. ಅವಳು ಅಳುತ್ತಾಳೋ, ಕೂಗಾಡುತ್ತಾಳೋ ಎಂದು ನಾನು ಹೆದರಿದೆ. ಅವಳು ಕೇಳಿದ್ದು ಒಂದೇ ಮಾತು.

"ಮರಿ ಎಷ್ಟಿದ್ವು?"

"ಎರಡು."

"ನನಗ ಒಂದ ಕಂಡಿತ್ತು" ಎಂದಳು ಗಾಳೆಮ್ಮ. ಸೆರಗು ಸರಿಮಾಡಿಕೊಂಡು ಒಬ್ಬಳೇ ಊರ ಕಡೆ ನಡೆದುಬಿಟ್ಟಳು.

ಅವನು ಹಿಂದೆ ಹೋಗಲಿಲ್ಲ. ಇಡೀ ದಿನ ಶೆಡ್ಡಿನಲ್ಲೇ ಕುಳಿತಿದ್ದ, ನಾನು ತಂದ ಊಟವನ್ನು ಮುಟ್ಟಲಿಲ್ಲ. ಸಂಜೆ ಕನ್ನಡಕ ಕಟ್ಟಿಸಿಕೊಂಡ, ನಾನು ಕಟ್ಟುತ್ತೇನೆ ಎಂದೆನೆಂದು ಕಟ್ಟಿಸಿಕೊಂಡ, ಅಷ್ಟೇ. ಅವನು ಅವತ್ತೂ ದಾರಿಯನ್ನೇ ನೋಡುತ್ತಾನೆ ಎಂದು ನನಗೆ ಖಾತ್ರಿಯಿತ್ತು. ತಂತಿಗಳನ್ನು ನೋಡಿಕೊಳ್ಳಬೇಕೆಂಬ ನೆಪ ಹೇಳಿ, ಲ್ಯಾಪ್‌ಟಾಪ್ ಸಮೇತ ನಾನೂ ಬಂಡೆ ಹತ್ತಿ ಅವನ ಹಿಂದೆ ಕುಳಿತೆ. ನಿಜ ಹೇಳಬೇಕೆಂದರೆ ಅವನನ್ನು ಒಬ್ಬನೇ ಬಿಡಲು ಮನಸ್ಸಾಗಲಿಲ್ಲ.

ಮುಂದಿನದನ್ನು ಹೇಳುವ ಮೊದಲು ಫಲಿತಾಂಶ ಹೇಳಿಬಿಡುತ್ತೇನೆ, ಇಲ್ಲವಾದರೆ ಓದುವವರಿಗೆ ಅದೇ ಚಿಂತೆ. ಆ ಸರದಿಯಲ್ಲಿ ಓಬಣ್ಣನಿಗೆ ಅರವತ್ತನಾಲ್ಕು ಬಂತು. ಅವನು ಕಾವಲಿನಲ್ಲಿ ಉಳಿದ. ಸುಮಲತಾ ಮೇಡಂ ಬರೆದ ವರದಿಯ ಮೇಲೆ ಗವಿಹಟ್ಟಿಯ ಬಂಡೆಯ ಮೇಲೆ ಈಗ ಇಬ್ಬಿಬ್ಬರು ಕೂರುತ್ತಾರೆ, ಒಬ್ಬರು ಗುಡ್ಡಕ್ಕೆ, ಒಬ್ಬರು ದಾರಿಗೆ.

ಆವತ್ತು ಏಳು ಗಂಟೆ ಆಗಿರಬೇಕು. ಪೂರ್ತಿ ಕತ್ತಲು ಇಳಿದಿರಲಿಲ್ಲ. ಬಂಡೆಯ ಮೆಟ್ಟಿಲ ಕಡೆಯಿಂದ ಏದುಸಿರು ಕೇಳಿಸಿತು. ಗಾಳೆಮ್ಮ ಒಂದು ಕೈಯಲ್ಲಿ ರೊಟ್ಟಿ ಗಂಟು ಹಿಡಿದು, ಇನ್ನೊಂದು ಕೈ ಊರಿ ಹತ್ತಿ ಬರುತ್ತಿದ್ದಳು. ಕರಡಿ ಮೈಮೇಲೆ ಬಿದ್ದಂದಿನಿಂದ ಅವಳು ಈ ಬಂಡೆಯನ್ನು ಒಮ್ಮೆಯೂ ಹತ್ತಿದವಳಲ್ಲವಂತೆ. ಬಂದವಳು ಗಂಟನ್ನು ಗಂಡನ ಪಕ್ಕಕ್ಕಿಟ್ಟು, ಅವನ ಬೆನ್ನಿಗೆ ಬೆನ್ನು ಕೊಟ್ಟು, ಊರ ದಾರಿಯ ಕಡೆ ಮುಖ ಮಾಡಿ ಕುಳಿತಳು.

"ನೀ ಕರಡಿ ನೋಡು" ಎಂದಳು. "ದಾರಿ ನಾ ನೋಡ್ತೀನಿ."

"ಗಾಳೀ..."

"ನೋಡು ಅಂದ್ನಲ್ಲ."

ನನ್ನ ಚೀಲದಲ್ಲಿ ಒಂದೇ ಕಣ್ಣಿಗೆ ಹಿಡಿದು ನೋಡುವ ಸಣ್ಣ ನೈಟ್ ವಿಷನ್ ದುರ್ಬೀನು ಇತ್ತು. ಅವಳ ಕೈಗೆ ಕೊಟ್ಟು ಬಲಗಣ್ಣಿಗೆ ಹಿಡಿಸಿದೆ. "ಅಯ್ಯ, ನಮ್ಮ ಮನಿ ಬಾಗ್ಲಾ ಕಾಣ್ತೈತಿ" ಎಂದಳು. ಆಮೇಲೆ ಅವಳು ಅದನ್ನು ಕಣ್ಣಿನಿಂದ ಇಳಿಸಲಿಲ್ಲ.

ಕರಡಿ ಹೊರಬಿತ್ತು. ನನ್ನ ಪರದೆಯ ಮೇಲೆ ಚುಕ್ಕೆ ಹೋಗಿ ಅದನ್ನು ಮುಟ್ಟಿತು, ತಕ್ಷಣ ದಾರಿಯ ಕಡೆ ಓಡಿತು. ಅವನ ಬೆನ್ನು ತಿರುಗಿದ್ದು ಅವಳ ಬೆನ್ನಿಗೆ ಗೊತ್ತಾಗಿರಬೇಕು.

"ದಾರ್ಯಾಗ ಯಾರೂ ಇಲ್ಲ" ಎಂದಳು ಗಾಳೆಮ್ಮ.

ಚುಕ್ಕೆ ಕರಡಿಗೆ ಮರಳಿತು. ನಾಲ್ಕು ಉಸಿರಿನಷ್ಟು ಹೊತ್ತು ನಿಂತಿತು, ಮತ್ತೆ ಹೊರಟಿತು.

"ಯಾರೂ ಇಲ್ಲಪ. ಕೊಟ್ರಮ್ಮನ ಮನಿ ನಾಯಿ ಐತಿ, ಅಷ್ಟ."

ಮತ್ತೆ ಮರಳಿತು. ಹೀಗೆ ಎಷ್ಟು ಸಲ ಆಯಿತೋ ನಾನು ಎಣಿಸಲಿಲ್ಲ. ಪ್ರತಿ ಸಲವೂ ಅವಳು ಅದೇ ದನಿಯಲ್ಲಿ, ಬೇಸರವಿಲ್ಲದೆ, ಯಾರೂ ಇಲ್ಲ ಎಂದಳು. ನಡುವೆ ಒಮ್ಮೆ, "ಯಾರೋ ಬರಾಕತ್ಯಾರ, ಊದು" ಎಂದಳು. ಅವನು ಊದಿದ. "ಹೋದ್ರು" ಎಂದಳು. ಅವಳು ಹೇಳಿದ್ದನ್ನು ಅವನು ತಿರುಗಿ ಪರೀಕ್ಷಿಸಲಿಲ್ಲ.

ಕತ್ತಲು ದಟ್ಟವಾಯಿತು. ಎದುರು ಗುಡ್ಡದಲ್ಲಿ ಕರಡಿ ಸೀತಾಫಲದ ಗಿಡದ ಕೆಳಗೆ ಹಿಂಗಾಲ ಮೇಲೆ ನಿಂತು, ಕೊಂಬೆ ಜಗ್ಗಿ, ಹಣ್ಣು ಬೀಳದೆ ಇದ್ದುದಕ್ಕೆ ಸಿಟ್ಟಾಗಿ ಗಿಡವನ್ನೇ ಅಲ್ಲಾಡಿಸುತ್ತಿತ್ತು. ಚುಕ್ಕೆ ಅದರ ಮೇಲೆ ನಿಂತಿತ್ತು. ನಾನು ಗಡಿಯಾರ ನೋಡಿದೆ. ಒಂದು ನಿಮಿಷ, ಎರಡು, ಐದು. ಅದು ಕದಲಲಿಲ್ಲ.

"ಏನ್ ಮಾಡಾಕತ್ತೈತಿ?" ಎಂದು ಕೇಳಿದಳು ಗಾಳೆಮ್ಮ, ದಾರಿಯಿಂದ ಕಣ್ಣು ತೆಗೆಯದೆ.

ಓಬಣ್ಣ ಹೇಳತೊಡಗಿದ. ಗಿಡ ಅಲ್ಲಾಡಿಸಿದ್ದು, ಹಣ್ಣು ಕರಡಿಯ ನೆತ್ತಿಯ ಮೇಲೇ ಬಿದ್ದದ್ದು, ಅದು ಬೆಚ್ಚಿ ಹಿಂದಕ್ಕೆ ಕೂತದ್ದು. ಹೇಳುತ್ತಾ ಹೇಳುತ್ತಾ ಅವನಿಗೆ ನಗು ಬಂತು. ಬಂದ ತಕ್ಷಣ ತಡೆದುಕೊಂಡ.

"ನಗು" ಎಂದಳು ಗಾಳೆಮ್ಮ. "ನಾ ಇಲ್ಲೇ ಅದೀನಿ."